ಒಡೆಯದ ಹಾಲು

“ಅಕ್ಕಾ, ಇದು ತಾನಾಗಿ ಸತ್ತಿದ್ದಲ್ಲ. ಯಾರೋ ಕೊಂದಿದ್ದಾರೆ.”

ತಂಗಿ ಹೇಳಿದ್ದು ಒಂದು ಬಾಟಲಿಯ ಬಗ್ಗೆ. ಪ್ರಯೋಗಶಾಲೆಯ ಕಿಟಕಿಯ ಬೆಳಕಿಗೆ ಅದನ್ನು ಎತ್ತಿ ಹಿಡಿದು ನಿಂತಿದ್ದಳು. ಮೇಲರ್ಧ ಕಪ್ಪು ಎಣ್ಣೆ, ಕೆಳಗರ್ಧ ತಿಳಿನೀರು. ನಡುವಿನ ಗೆರೆ ಚಾಕುವಿನಿಂದ ಕೊಯ್ದಷ್ಟು ನೇರವಾಗಿತ್ತು.

ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಪತ್ತೇದಾರಿಕೆಗೆ ಇಳಿದ ಮೇಲೆ ಹೆಣ, ಒಡವೆ, ಓಡಿಹೋದ ಗಂಡಂದಿರು ಎಲ್ಲವನ್ನೂ ಹುಡುಕಿಕೊಟ್ಟವಳು ಅವಳು. ಕಕ್ಷಿದಾರರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಕಳ್ಳರೂ ಹಾಗೇ ಕರೆಯುತ್ತಿದ್ದರು. ಆದರೆ ಬಾಟಲಿಯ ಕೊಲೆ ಅವಳಿಗೂ ಇದೇ ಮೊದಲು.

“ಕೊಲೆ ಅಂತ ಹೇಗೆ ಹೇಳ್ತೀಯೆ?”

“ಆ ಗೆರೆ ನೋಡು. ನಮ್ಮ ಹಾಲು ತಾನಾಗಿ ಒಡೆದರೆ ಹೀಗೆ ಒಡೆಯಲ್ಲ. ಮೊದಲು ಮೇಲೆ ಕೆನೆ ಕಟ್ಟುತ್ತೆ. ಆಮೇಲೆ ನಡುವೆ ಒಂದು ಮಸಿಮಸಿ ಪದರ ನಿಲ್ಲುತ್ತೆ. ವಾರಗಟ್ಟಲೆ ಗೋಳಾಡಿಕೊಂಡು ಒಡೆಯುತ್ತೆ. ಇದು ಒಂದೇ ಏಟಿಗೆ ಬಿದ್ದಿದೆ.”

ಹಾಲು ಎಂದರೆ ಹಸುವಿನದಲ್ಲ. ಈ ಎಣ್ಣೆಬಾವಿಗಳ ಬಯಲಿನಲ್ಲಿ ತಂಗಿಯ ಎಮಲ್ಷನ್ನಿಗೆ ಕೆಲಸಗಾರರು ಇಟ್ಟ ಹೆಸರು ಅದು. ಎಣ್ಣೆ, ನೀರು, ಜೊತೆಗೆ ಸಾಬೂನಿನಂಥ ಒಂದು ವಸ್ತು ಸೇರಿಸಿ ಕಡೆದು ಕಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಹನಿಗಳು ನೀರಿನಲ್ಲಿ ತೇಲುವಂತೆ ಮಾಡಿದ ಕಂದು ದ್ರವ. ನೆಲದಡಿಯ ಎಣ್ಣೆ ಕೆರೆಯ ಹಾಗೆ ನಿಂತಿರುವುದಿಲ್ಲ. ಕಲ್ಲಿನ ರಂಧ್ರ ರಂಧ್ರದಲ್ಲಿ ಅಂಟಿಕೊಂಡು ಕೂತಿರುತ್ತದೆ. ಅದನ್ನು ಹೊರಗೆ ತಳ್ಳಲು ಒಂದು ಬಾವಿಯಿಂದ ನೀರು ನುಗ್ಗಿಸುತ್ತಾರೆ. ನೀರೋ ಮಹಾ ಸೋಮಾರಿ. ಅಗಲವಾದ ದಾರಿ ಹುಡುಕಿಕೊಂಡು ಪಕ್ಕದ ಬಾವಿಯಲ್ಲಿ ಬರಿಗೈಯಲ್ಲಿ ಮೇಲೆ ಬರುತ್ತದೆ, ಎಣ್ಣೆ ಇದ್ದಲ್ಲೇ ಉಳಿಯುತ್ತದೆ.

ತಂಗಿಯ ಹಾಲಿನ ಹನಿಗಳು ಆ ಅಗಲ ದಾರಿಗಳ ಗಂಟಲಲ್ಲಿ ಸಿಕ್ಕಿಕೊಂಡು ಬಾಗಿಲು ಹಾಕುತ್ತವೆ. ಹಿಂದಿನಿಂದ ಬರುವ ನೀರು ಬೇರೆ ಗತಿಯಿಲ್ಲದೆ ಇಕ್ಕಟ್ಟಿನ ಕಡೆ ನುಗ್ಗಿ ಅಲ್ಲಿನ ಎಣ್ಣೆಯನ್ನು ಹೊರಡಿಸುತ್ತದೆ. ಉಪಾಯ ಇಷ್ಟೇ. ಇಷ್ಟಕ್ಕಾಗಿ ತಂಗಿ ತನ್ನ ಹರೆಯವನ್ನೆಲ್ಲ ಈ ಗಾಜಿನ ಕೊಳವೆಗಳ ನಡುವೆ ಸವೆಸಿದ್ದಳು.

ಬಾವಿಗೆ ಹಾಲು ಹೋಗಲು ಶುರುವಾದ ಮೇಲೆ ಅದರ ಬಾಯಿಂದ ತೆಗೆದ ಆರು ಬಾಟಲಿಗಳು ಪರೀಕ್ಷೆಗೆ ಹೋಗಿದ್ದವು. ಆರಕ್ಕೆ ಆರೂ ಒಡೆದಿದ್ದವು, ಈಗ ತಂಗಿಯ ಕೈಯಲ್ಲಿದ್ದದ್ದು ಅವುಗಳಲ್ಲೊಂದು. ತಂಗಿ ತನ್ನ ಫಲಿತಾಂಶಗಳನ್ನು ಸುಳ್ಳು ಬರೆದು ಕಂಪನಿಗೆ ಮೋಸ ಮಾಡಿದ್ದಾಳೆ ಎಂದು ಮ್ಯಾನೇಜರು ಆರೋಪ ಹೊರಿಸಿದ್ದರು. ಇವತ್ತು ಊಟಕ್ಕೆ ಮುಂಚೆ ಪಂಪು ನಿಲ್ಲಿಸುತ್ತಾರೆ, ತಂಗಿಯನ್ನು ಪೊಲೀಸರಿಗೆ ಒಪ್ಪಿಸುತ್ತಾರೆ. ಅರ್ಧಕ್ಕೆ ನಿಂತ ಪಂಪನ್ನು ಮತ್ತೆ ಶುರು ಮಾಡಿದರೂ ಪ್ರಯೋಜನವಿಲ್ಲ. ಕೆಸರಿನಲ್ಲಿ ಕೈಬಿಟ್ಟ ಗಾಡಿಯ ಹಾಗೆ ಆ ಬಾವಿಯೂ ಹೋಯಿತು, ತಂಗಿಯ ಹೆಸರೂ ಹೋಯಿತು.

ಅಕ್ಕ ಬಾಟಲಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಚುರುಕ್ಕೆನ್ನುವ ವಾಸನೆ. ಗೋಡೆಗೆ ಬಣ್ಣ ಹೊಡೆಯುವವರ ಡಬ್ಬದಿಂದ ಬರುವಂಥದ್ದು.

“ನಿನ್ನ ಹಾಲಿಗೆ ಈ ವಾಸನೆ ಇರುತ್ತೇನೆ?”

ತಂಗಿ ಮೂಸಿ ನೋಡಿದಳು. ಮುಖದ ಬಣ್ಣವೇ ಬದಲಾಯಿತು. “ಇದು ಸ್ಟೇಷನ್ನಿನ ಮದ್ದು!”

ಬಾವಿಯಿಂದ ಮೇಲೆ ಬರುವ ಎಣ್ಣೆಯಲ್ಲಿ ಯಾವಾಗಲೂ ನೀರು ಬೆರೆತಿರುತ್ತದೆ. ಅದನ್ನು ಬೇರ್ಪಡಿಸುವ ಜಾಗಕ್ಕೆ ಸ್ಟೇಷನ್ ಎನ್ನುತ್ತಿದ್ದರು. ಆ ಆರು ಬಾಟಲಿಗಳ ಪರೀಕ್ಷೆ ನಡೆದದ್ದೂ ಅಲ್ಲೇ. ಅಲ್ಲಿ ಒಂದು ಮದ್ದು ಇತ್ತು. ಹನಿ ಬಿದ್ದರೆ ಸಾಕು, ಬೆರೆತ ಎಣ್ಣೆ ನೀರು ಎರಡೂ ಜಗಳವಾಡಿದ ಓರಗಿತ್ತಿಯರ ಹಾಗೆ ಬೇರೆ ಬೇರೆ ಆಗಿಬಿಡುತ್ತಿದ್ದವು. ಇಡೀ ಬಯಲಿನಲ್ಲಿ ಕೂಡಿಸುವವಳು ತಂಗಿ ಒಬ್ಬಳೇ. ಉಳಿದವರೆಲ್ಲ ಒಡೆಯುವವರು. ಅವರ ಯಜಮಾನನಿಗೆ ಕಡೆಗೋಲು ಎಂದು ಅಡ್ಡಹೆಸರು. ವಯಸ್ಸಾದ ಮನುಷ್ಯ, ದಿನವಿಡೀ ಮಾದರಿಗಳನ್ನು ಯಂತ್ರಕ್ಕಿಟ್ಟು ಗಿರಗಿರನೆ ತಿರುಗಿಸುವುದೇ ಅವನ ಕೆಲಸ.

“ಅವನೇ ಅಕ್ಕಾ! ಕ್ಯಾಂಟೀನಿನಲ್ಲಿ ಎಲ್ಲರ ಎದುರಿಗೇ ಅಂದಿದ್ದ: ಈ ಹುಡುಗಿ ಕೂಡಿಸಿ ಕೂಡಿಸಿ ಕಳಿಸಿದರೆ ನನ್ನ ಕೈ ಒಡೆದು ಒಡೆದು ಬಿದ್ದುಹೋಗುತ್ತೆ ಅಂತ. ಹೊಟ್ಟೆಕಿಚ್ಚು!”

“ತಡಿ ತಡಿ. ಕಳ್ಳ ಯಾರಾದರೂ ಕದ್ದ ಮಾಲಿನ ಮೇಲೆ ತನ್ನದೇ ಅಂಗಡಿ ಚೀಟಿ ಅಂಟಿಸ್ತಾನಾ?”

ಅಷ್ಟರಲ್ಲಿ ಬಾಗಿಲಲ್ಲಿ ತಂಗಿಯ ಗಂಡ ಇಣುಕಿದ. ಕಂಪನಿಯ ವಾಹನಗಳ ಉಸ್ತುವಾರಿ ಅವನದು. ಕೈಯಲ್ಲಿ ಜೀಪಿನ ಕೀಲಿ ಕುಣಿಯುತ್ತಿತ್ತು.

“ಅತ್ತಿಗೆ, ರಥ ಸಿದ್ಧ. ಮುಚ್ಚಳ ಆಗಲೇ ಸ್ಟೇಷನ್ನಿಗೆ ಬಂದು ಕೂತಿದೆ.”

ಮುಚ್ಚಳ ಎಂದರೆ ಮ್ಯಾನೇಜರು. ಇಲ್ಲಿಗೆ ಬರುವ ಮುಂಚೆ ಎರಡು ಬಯಲುಗಳ ಬಾವಿಗಳನ್ನೆಲ್ಲ ಮುಚ್ಚಿಸಿ ಬಂದ ಪುಣ್ಯಾತ್ಮ. ಮುಚ್ಚುವುದರಲ್ಲೇ ಅವರಿಗೆ ಸುಖ ಎಂದು ಜನ ಆಡಿಕೊಳ್ಳುತ್ತಿದ್ದರು.

ಜೀಪಿನಲ್ಲಿ ತಂಗಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗಂಡ ಅವಳನ್ನು ನಗಿಸಲು ನೋಡಿದ. ಕೊನೆಗೆ ಕನ್ನಡಿಯಲ್ಲಿ ಅಕ್ಕನನ್ನು ನೋಡುತ್ತ ಹೇಳಿದ:

“ಸೋತರೂ ಏನು ಮುಳುಗಿಹೋಗಲ್ಲ ಅತ್ತಿಗೆ. ಈ ಹಾಳು ಬಯಲು ಬಿಟ್ಟು ಎಲ್ಲಾದರೂ ಹೋಗಿ ಬದುಕ್ತೀವಿ. ಇವಳಿಗೆ ಎರಡು ಹೊತ್ತು ನೆಮ್ಮದಿಯಾಗಿ ಊಟ ಮಾಡೋಕಾದರೂ ಆಗುತ್ತೆ.”

“ನನಗೆ ಆ ನೆಮ್ಮದಿ ಬೇಡ,” ಎಂದಳು ತಂಗಿ ಸಿಡುಕಿನಿಂದ.

ಅಕ್ಕನಿಗೆ ಪಾಪ ಅನಿಸಿತು. ಹೆಂಡತಿ ಹಗಲು ರಾತ್ರಿ ಹಾಲು ಕಡೆಯುತ್ತ ಕೂತರೂ ಒಂದು ಮಾತು ಆಡದೆ ಮನೆ ನಡೆಸಿದ ಗಂಡು. ಬಂದಾಗಿನಿಂದ ಅಕ್ಕನಿಗೆ ಬಿಸಿಬಿಸಿ ಅಡಿಗೆ ಮಾಡಿ ಬಡಿಸಿದವನೂ ಅವನೇ. ಅಂಥ ತಂಗಿಗೆ ಇಂಥ ಗಂಡ ಸಿಕ್ಕಿದ್ದು ಪುಣ್ಯ ಎಂದುಕೊಂಡಳು.

ಸ್ಟೇಷನ್ನಿನ ಪರೀಕ್ಷೆಯ ಕೋಣೆ ಮಹಡಿಯ ಮೇಲಿತ್ತು. ಉದ್ದನೆಯ ಮೇಜು, ಅದರ ಮೇಲೆ ಗಾಜಿನ ಕೊಳವೆಗಳ ಸಾಲು, ಮೂಲೆಯಲ್ಲಿ ಮಾದರಿ ತಿರುಗಿಸುವ ಯಂತ್ರ. ಗೋಡೆ, ಕುರ್ಚಿ, ಕ್ಯಾಲೆಂಡರು ಎಲ್ಲಕ್ಕೂ ಎಣ್ಣೆಯ ಬೆರಳಚ್ಚು. ನಾಲ್ಕಾರು ಇಂಜಿನಿಯರುಗಳು ಗೋಡೆಗೆ ಒರಗಿ ನಿಂತಿದ್ದರು. ಮುಚ್ಚಳ ಸಾಹೇಬರು ಇದ್ದುದರಲ್ಲೇ ಶುಭ್ರವಾದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿಕೊಂಡು ಕೂತಿದ್ದರು.

“ಬನ್ನಿ ಬನ್ನಿ ಪತ್ತೇದಾರಿ ಮೇಡಂ. ಏನು ಪತ್ತೆಯಾಯ್ತು?”

“ಇನ್ನೊಂದು ಪರೀಕ್ಷೆ ಆಗಲಿ ಅಂತ ಕೇಳೋಕೆ ಬಂದೆ.”

“ಆರು ಸಾಲದೇ?”

“ಏಳನೆಯದಕ್ಕೆ ನಾನೇ ಜಾಮೀನು. ನಿಮ್ಮ ಜನವೇ ಬಾವಿ ಬಾಯಿಂದ ಒಂದು ಕ್ಯಾನ್ ತುಂಬಿಕೊಂಡು ಬರಲಿ. ನಮ್ಮವರು ಯಾರೂ ಮುಟ್ಟಲ್ಲ. ನಿಮ್ಮ ಕಣ್ಣೆದುರೇ ಪರೀಕ್ಷೆ. ಒಡೆದರೆ ನನ್ನ ತಂಗಿಯನ್ನ ನಾನೇ ಠಾಣೆಗೆ ಕರ್ಕೊಂಡು ಹೋಗ್ತೀನಿ.”

“ಅಕ್ಕಾ!” ತಂಗಿ ಅವಳ ಸೆರಗು ಹಿಡಿದು ಎಳೆದಳು.

“ಸುಮ್ಮನಿರೇ.”

ಮುಚ್ಚಳ ಸಾಹೇಬರಿಗೆ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಕೂಡಲೇ ಇಬ್ಬರು ಇಂಜಿನಿಯರುಗಳನ್ನು ಓಡಿಸಿದರು. ಅವರು ಕ್ಯಾನ್ ಹೊತ್ತು ತಂದು ಮೇಜಿನ ಮೇಲೆ ಇಟ್ಟರು. ಕಂದು ಬಣ್ಣದ ಹಾಲು, ಮೇಲೆ ಒಂದೆರಡು ಗುಳ್ಳೆ. ಕಡೆಗೋಲು ಕುಂಟುತ್ತ ಬಂದು ಕ್ಯಾನಿನೊಳಗೆ ಇಣುಕಿದ. ಬಡಕಲು ದೇಹ, ಆದರೆ ದನಿ ಮಾತ್ರ ತಮಟೆ.

“ಹಾಲು ಚೆನ್ನಾಗೇ ಕಾಣುತ್ತೆ. ಆದರೆ ನನ್ನ ಕೈಗೆ ಬಂದಿದ್ದು ಯಾವುದೂ ಒಡೆಯದೆ ಉಳಿದಿಲ್ಲ, ಹೇಳಿಬಿಡ್ತೀನಿ.”

“ಕಾಲಿಗೇನಾಯ್ತು ಯಜಮಾನರೇ?” ಅಕ್ಕ ಮೇಜಿನ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. “ಮಂಡಿನೋವಾ?”

ಮುದುಕನಿಗೆ ಅಷ್ಟು ಸಾಕಾಗಿತ್ತು. ವಯಸ್ಸಾದವರ ನೋವನ್ನು ಕೇಳುವವರು ಸಿಕ್ಕರೆ ಸ್ವರ್ಗ ಸಿಕ್ಕ ಹಾಗೆ.

“ಅದನ್ನು ಯಾಕೆ ಕೇಳ್ತೀರಮ್ಮ! ಎಡಗಾಲು ಮೊದಲು ಹಿಡಿದಿದ್ದು. ಅದು ವಾಸಿಯಾಯ್ತು ಅನ್ನೋಷ್ಟರಲ್ಲಿ ಬಲಗಾಲು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂತಾರೆ. ಕಂಪನಿ ನನ್ನ ಕೋಣೇನ ಮಹಡಿ ಮೇಲೆ ಇಟ್ಟಿದೆ.”

ಮಾತಾಡುತ್ತಲೇ ಅವನು ಎರಡು ಕೊಳವೆಗಳಿಗೆ ಹಾಲು ಸುರಿದ. ಗೆರೆಗೆ ಸರಿಯಾಗಿ, ಒಂದು ತೊಟ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

“ಎಣ್ಣೆ ಹಚ್ಚಿ ತಿಕ್ಕಿದ್ರಾ?”

“ಎಣ್ಣೆಯಲ್ಲೇ ಬದುಕಿದವನಿಗೆ ಎಣ್ಣೆಯಿಂದ ಏನಮ್ಮ ಆಗುತ್ತೆ?” ಕಡೆಗೋಲು ಗಹಗಹಿಸಿದ.

ನಗುತ್ತಿದ್ದಂತೆಯೇ ಅವನ ಎಡಗೈ ಮೇಜಿನ ಅಂಚಿಗೆ ಹೋಯಿತು. ಅಲ್ಲಿದ್ದ ಸಣ್ಣ ಸೀಸೆಯನ್ನು ಎತ್ತಿಕೊಂಡಿತು. ಒಂದು ಕೊಳವೆಗೆ ಮೂರು ಹನಿ, ಇನ್ನೊಂದಕ್ಕೆ ಮೂರು ಹನಿ. ಸೀಸೆ ಮತ್ತೆ ತನ್ನ ಜಾಗಕ್ಕೆ ಹೋಯಿತು. ಇಷ್ಟು ಹೊತ್ತೂ ಮುದುಕನ ಕಣ್ಣು ಅಕ್ಕನ ಮುಖದ ಮೇಲೇ ಇತ್ತು.

ಚುರುಕ್ಕೆನ್ನುವ ಆ ವಾಸನೆ ಅಕ್ಕನ ಮೂಗಿಗೆ ಬಡಿಯಿತು.

ತಂಗಿ ಬಾಯಿ ತೆರೆದಳು. ಅಕ್ಕ ಮೇಜಿನ ಕೆಳಗೆ ಅವಳ ಪಾದವನ್ನು ಬಲವಾಗಿ ಮೆಟ್ಟಿದಳು. ಗೋಡೆಗೆ ಒರಗಿದ್ದ ಇಂಜಿನಿಯರುಗಳ ಮುಖ ನೋಡಿದಳು. ಅವರೂ ಆ ಕೈಯನ್ನು ನೋಡಿದ್ದರು, ಆದರೆ ಒಬ್ಬರಿಗೂ ಏನೂ ಅನಿಸಿರಲಿಲ್ಲ. ಈ ಕೋಣೆಯಲ್ಲಿ ಅದು ಒಳಗೆ ಬರುವಾಗ ಚಪ್ಪಲಿ ಬಿಟ್ಟು ಬಂದಷ್ಟೇ ಸಹಜ. ಇಲ್ಲಿಗೆ ಬರುವ ಮಾದರಿಗಳಲ್ಲಿ ನೀರೆಷ್ಟು ಎಣ್ಣೆಯೆಷ್ಟು ಎಂದು ಅಳೆಯಬೇಕಾದರೆ ಮೊದಲು ಒಡೆಯಲೇಬೇಕು. ಒಡೆಯಲೆಂದೇ ಮೂರು ಹನಿ. ಒಂದು ಜೀವಮಾನದ ಅಭ್ಯಾಸ.

ಅಕ್ಕನಿಗೆ ಆ ಕ್ಷಣವೇ ಗೊತ್ತಾಯಿತು, ಈ ಮನುಷ್ಯ ಕಳ್ಳನಲ್ಲ. ಕದಿಯುವ ಕೈ ಮೊದಲು ಕಣ್ಣನ್ನು ಕಳಿಸುತ್ತದೆ. ಇವನ ಕಣ್ಣು ಮಂಡಿನೋವಿನಲ್ಲೇ ಮುಳುಗಿತ್ತು.

ಯಂತ್ರ ಗುಯ್ಯೆಂದು ತಿರುಗಿ ನಿಂತಿತು. ಕಡೆಗೋಲು ಕೊಳವೆಗಳನ್ನು ಹೊರಗೆ ತೆಗೆದ. ಮೇಲೆ ಕಪ್ಪು, ಕೆಳಗೆ ತಿಳಿ. ನಡುವೆ ಅದೇ ನೇರವಾದ ಗೆರೆ.

“ನೋಡಿದಿರಾ!” ಮುಚ್ಚಳ ಸಾಹೇಬರು ಎದ್ದೇ ನಿಂತರು. ಕರವಸ್ತ್ರ ನೆಲಕ್ಕೆ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. “ಏಳಕ್ಕೆ ಏಳು! ಪಂಪು ನಿಲ್ಲಿಸೋಕೆ ಹೇಳಿ. ಮೇಡಂ, ನಿಮ್ಮ ಮಾತು ನೆನಪಿದೆಯಲ್ಲ?”

“ನೆನಪಿದೆ. ಆದರೆ ಕ್ಯಾನಿನಲ್ಲಿ ಇನ್ನೂ ಹಾಲಿದೆಯಲ್ಲ ಸಾಹೇಬರೇ. ಈಗೊಂದು ಸಲ ನೀವೇ ಮಾಡಿ.”

“ನಾನಾ?”

“ಕೊಳವೆಗೆ ಸುರಿಯೋದು, ಯಂತ್ರಕ್ಕೆ ಇಡೋದು. ಅಷ್ಟು ಬರಲ್ಲವಾ?”

ಸುತ್ತ ನಿಂತ ಇಂಜಿನಿಯರುಗಳ ಎದುರಿಗೆ ಬರಲ್ಲ ಎನ್ನುವುದು ಹೇಗೆ? ಸಾಹೇಬರು ತೋಳು ಮಡಚಿದರು. ಸುರಿದರು, ಅಂಗಿಯ ಮೇಲೂ ಸ್ವಲ್ಪ ಸುರಿದುಕೊಂಡರು. ಕೊಳವೆಗಳನ್ನು ಯಂತ್ರಕ್ಕೆ ಇಟ್ಟು ಗುಂಡಿ ಒತ್ತಿ ಎದೆ ಸೆಟೆಸಿ ನಿಂತರು.

ಯಂತ್ರ ತಿರುಗುವಷ್ಟು ಹೊತ್ತೂ ತಂಗಿಯ ಉಗುರು ಅಕ್ಕನ ಮುಂಗೈಗೆ ನಾಟಿತ್ತು. ಒಡೆದುಬಿಟ್ಟರೆ? ತಾನು ನೋಡಿದ ಮೂರು ಹನಿ ಬರೀ ಮೂರು ಹನಿಯೇ ಆಗಿಬಿಟ್ಟರೆ? ಆಡಿದ ಮಾತಿಗೆ ತಪ್ಪಿದವಳಲ್ಲ ಅವಳು. ಒಡಹುಟ್ಟಿದವಳ ಕೈಹಿಡಿದು ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು.

ಯಂತ್ರ ನಿಂತಿತು.

ಸಾಹೇಬರು ಕೊಳವೆಯನ್ನು ಎತ್ತಿದರು. ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದರು. ಅಲ್ಲಾಡಿಸಿದರು. ಮೇಲೆ ಒಂದಿಷ್ಟು ದಪ್ಪ ಕೆನೆ ಸೇರಿತ್ತು, ಅಷ್ಟೇ. ಎಲ್ಲಿ ನೋಡಿದರೂ ಕಂದು ಹಾಲು. ಕರಿ ಎಣ್ಣೆಯಿಲ್ಲ, ತಿಳಿನೀರಿಲ್ಲ, ಗೆರೆಯಿಲ್ಲ.

ಮೊದಲು ಬಾಯಿ ತೆರೆದವನು ಕಡೆಗೋಲು. ಅರೆಬರೆ ಕೆಲಸ ಕಂಡರೆ ಮೈಯೆಲ್ಲ ಉರಿಯುವ ಜಾತಿ ಅವನದು.

“ಅಲ್ಲ ಸಾಹೇಬರೇ, ಮದ್ದು ಹಾಕದೆ ತಿರುಗಿಸಿದರೆ ಎಲ್ಲಿಂದ ಒಡೆಯುತ್ತೆ? ದೊಡ್ಡ ದೊಡ್ಡ ಹುದ್ದೆಯಲ್ಲಿ ಇರ್ತೀರಿ, ಒಂದು ಪರೀಕ್ಷೆ ಮಾಡೋಕೆ ಬರಲ್ಲ! ಮೂರು ಹನಿ ಹಾಕಬೇಕು ರೀ, ಮೂರು ಹನಿ! ನಾನು ಒಂದು ಬಾಟಲಿಗಾದರೂ ಹಾಕದೆ ಬಿಟ್ಟಿದ್ದೀನಾ?”

ಇಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಆ ಆರು ಬಾಟಲಿಗೂ ಹಾಕಿದ್ರಾ ಯಜಮಾನರೇ?” ಅಕ್ಕ ಮೆಲ್ಲಗೆ ಕೇಳಿದಳು.

“ಹಾಕದೆ ಇರ್ತೀನಾ? ಪ್ರತಿಯೊಂದಕ್ಕೂ...”

ಮಾತು ಅರ್ಧಕ್ಕೆ ನಿಂತಿತು. ಮುದುಕ ಮೇಜಿನ ಅಂಚಿನ ಸೀಸೆಯನ್ನು ನೋಡಿದ. ತನ್ನ ಎಡಗೈಯನ್ನು ನೋಡಿದ. ಆ ಕೈ ಯಾರದೋ ಎಂಬಂತೆ ಬಹಳ ಹೊತ್ತು ನೋಡಿದ. ಆಮೇಲೆ ಮಂಡಿನೋವನ್ನೂ ಮರೆತು ದಡಕ್ಕನೆ ಇನ್ನೊಂದು ಸ್ಟೂಲಿನ ಮೇಲೆ ಕುಸಿದ.

“ಅಯ್ಯೋ ನನ್ನ ಕೈ ಸೇದಿಹೋಗ! ಒಡೆಯುತ್ತಾ ಅಂತ ನೋಡಬೇಕಾದ ಹಾಲಿಗೆ ಒಡೆಯೋ ಮದ್ದು ಹಾಕಿದ್ನಲ್ಲಮ್ಮಾ! ಗೊತ್ತೇ ಆಗಲಿಲ್ಲ ಮಗಳೇ. ಅಭ್ಯಾಸ... ಕೈ ಅದರಷ್ಟಕ್ಕೆ ಅದೇ ಹೋಗುತ್ತೆ. ನನ್ನಿಂದ ನೀನು ಜೈಲಿಗೆ...”

ತಂಗಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ ಹೇಳುವುದು ಕಷ್ಟ. ಎರಡೂ ಒಟ್ಟಿಗೇ ಬಂದವು. ಓಡಿಹೋಗಿ ಮುದುಕನ ಎರಡೂ ಕೈ ಹಿಡಿದುಕೊಂಡಳು. ಇಷ್ಟು ದಿನ ಶತ್ರು ಎಂದು ಶಪಿಸಿದವನ ಕೈಗಳವು.

“ಅಳಬೇಡಿ ಯಜಮಾನರೇ. ನನ್ನ ಹಾಲು ಬದುಕಿದೆ. ಬದುಕಿದೆ!”

ಅಕ್ಕನಿಗೆ ಹೊಟ್ಟೆಗೆ ಹಾಲು ಹುಯ್ದಷ್ಟು ತಂಪಾಯಿತು. ಕಣ್ಣಂಚು ಒದ್ದೆಯಾದದ್ದನ್ನು ಕನ್ನಡಕ ಒರೆಸುವ ನೆಪದಲ್ಲಿ ಒರೆಸಿಕೊಂಡಳು.

ಆದರೆ ಮುಚ್ಚಳ ಸಾಹೇಬರು ಅಷ್ಟು ಸುಲಭಕ್ಕೆ ತೆರೆಯುವ ಮುಚ್ಚಳವಲ್ಲ. ಅಂಗಿಯ ಕಲೆಯನ್ನು ತಿಕ್ಕುತ್ತ ಹೇಳಿದರು: “ಸರಿ. ಕೊಳವೆಯಲ್ಲಿ ಒಡೆಯಲಿಲ್ಲ. ಒಪ್ಪಿದೆ. ನೆಲದಡಿ ಕೆಲಸ ಮಾಡಿದೆ ಅಂತ ಯಾರು ಹೇಳಿದರು? ಅಲ್ಲಿಗೆ ಹೋಗಿ ನೋಡಿ ಬಂದವರು ಯಾರಾದರೂ ಇದ್ದಾರಾ?”

ಮಾತು ನ್ಯಾಯವಾದದ್ದೇ. ತಂಗಿಯ ಮುಖ ಮತ್ತೆ ಸಣ್ಣದಾಯಿತು.

ಉತ್ತರ ಮೆಟ್ಟಿಲು ಹತ್ತಿಕೊಂಡು ಬಂತು. ಪಕ್ಕದ ಬಾವಿಯ ಪಂಪು ನೋಡಿಕೊಳ್ಳುವವನು ಏದುಸಿರು ಬಿಡುತ್ತ ಕ್ಯಾನ್ ಹಿಡಿದು ನುಗ್ಗಿದ. ಅಂಗಿ, ಮೀಸೆ, ಹುಬ್ಬು ಎಲ್ಲ ಎಣ್ಣೆ.

“ಯಜಮಾನರೇ, ಬೇಗ ನೋಡಿ ಇದನ್ನ! ಬೆಳಗಿನಿಂದ ಬಣ್ಣ ಬದಲಾಗ್ತಾ ಇದೆ. ಪೈಪು ಬೇರೆ ಥರಾನೇ ಸದ್ದು ಮಾಡ್ತಿದೆ!”

ಆ ಬಾವಿಯ ಕಥೆ ಎಲ್ಲರಿಗೂ ಗೊತ್ತಿತ್ತು. ಹತ್ತು ಬಕೆಟ್ ಎತ್ತಿದರೆ ಒಂಬತ್ತೂವರೆ ನೀರು. ಮುಚ್ಚಳ ಸಾಹೇಬರು ಮುಚ್ಚಲು ಮೊದಲು ಗುರುತು ಹಾಕಿಕೊಂಡದ್ದೂ ಅದನ್ನೇ. ತಂಗಿಯ ಹಾಲು ಇಳಿಯುತ್ತಿದ್ದದ್ದು ಅದರ ಪಕ್ಕಕ್ಕೇ.

ಕಡೆಗೋಲು ಕಣ್ಣೊರೆಸಿಕೊಂಡು ಎದ್ದ. ಕೊಳವೆಗಳನ್ನು ತೊಳೆದು ಸುರಿದ. ಕೈ ಸೀಸೆಯ ಕಡೆಗೆ ಹೋಗಿ, ನಡುವೆ ನಿಂತಿತು. ತಂಗಿಯನ್ನು ನೋಡಿದ.

“ಹಾಕಲಾ ಮಗಳೇ?”

“ಇದಕ್ಕೆ ಹಾಕಲೇಬೇಕು. ಇದು ಬಾವಿಯಿಂದ ಮೇಲೆ ಬಂದಿದ್ದು, ನಿಮ್ಮ ಮಾಲು. ಧಾರಾಳವಾಗಿ ಹಾಕಿ!”

ಮೂರು ಹನಿ ಬಿತ್ತು. ಈ ಸಲ ಕೋಣೆಯವರೆಲ್ಲ ಒಂದೊಂದು ಹನಿಯನ್ನೂ ಎಣಿಸಿದರು. ಯಂತ್ರ ತಿರುಗಿತು. ಎಲ್ಲರೂ ಅದರ ಸುತ್ತ ಮುತ್ತಿಕೊಂಡರು. ಮುಚ್ಚಳ ಸಾಹೇಬರೂ ಯಾರದೋ ಭುಜದ ಮೇಲಿಂದ ಕತ್ತು ಚಾಚಿದ್ದರು.

ಕಡೆಗೋಲು ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದ. ತುಟಿ ಅಲ್ಲಾಡಿಸಿಕೊಂಡು ಗೆರೆಗಳನ್ನು ಓದಿದ. ಮತ್ತೆ ಮೊದಲಿನಿಂದ ಓದಿದ.

“ಏನಾಯ್ತು ಹೇಳ್ರೀ!” ಸಾಹೇಬರೇ ಕೂಗಿದರು.

“ಅರ್ಧ,” ಎಂದ ಮುದುಕ. ಆಮೇಲೆ ತಮಟೆ ದನಿಯಲ್ಲಿ ಮಹಡಿ ಅದುರುವ ಹಾಗೆ ಕೂಗಿದ: “ಅರ್ಧಕ್ಕರ್ಧ ಎಣ್ಣೆ! ಸತ್ತ ಬಾವಿಯಲ್ಲಿ ಅರ್ಧಕ್ಕರ್ಧ ಎಣ್ಣೆ ಕಣ್ರಪ್ಪಾ! ಈ ಹುಡುಗಿ ನೀರಿನ ದಾರಿಗೆ ಬಾಗಿಲು ಹಾಕಿದ್ದಾಳೆ!”

ಆಮೇಲೆ ನಡೆದದ್ದನ್ನು ಯಾವ ಕಂಪನಿಯ ನಿಯಮವೂ ಒಪ್ಪುವುದಿಲ್ಲ. ಇಂಜಿನಿಯರುಗಳು ಒಬ್ಬರ ಬೆನ್ನು ಒಬ್ಬರು ಗುದ್ದಿದರು. ಪಂಪಿನವನು ಎಣ್ಣೆಯ ಕೈಯಲ್ಲೇ ಸಾಹೇಬರ ಕೈ ಕುಲುಕಿಬಿಟ್ಟ. ತಂಗಿ ಕ್ಯಾನಿಗೆ ಬೆರಳದ್ದಿ ತನ್ನ ಹಣೆಗೆ ಬಳಿದುಕೊಂಡು, ಅಕ್ಕನ ಕೆನ್ನೆಗೂ ಬಳಿದಳು. ಸದ್ದು ಕೇಳಿ ಮೇಲೆ ಓಡಿಬಂದ ಅವಳ ಗಂಡ ಬಾಗಿಲಲ್ಲೇ ನಿಂತುಬಿಟ್ಟ. ತಂಗಿ ಅವನನ್ನು ಅಪ್ಪಿಕೊಂಡು ಗಳಗಳನೆ ಅತ್ತಳು.

“ಗೆದ್ದೆ ರೀ! ನಾನು ಗೆದ್ದೆ!”

“ಗೆದ್ದೆಯಲ್ಲ,” ಎಂದ ಅವನು ಅವಳ ತಲೆ ಸವರುತ್ತ. “ಗೆದ್ದೇಬಿಟ್ಟೆ.”

“ಬಾವಿ ನೋಡಬೇಕು ರೀ. ಈಗಲೇ!”

“ನಡಿ. ಜೀಪು ಕೆಳಗೇ ಇದೆ.”

ಇಬ್ಬರೂ ದಡದಡನೆ ಮೆಟ್ಟಿಲಿಳಿದರು. ಹಿಂದೆಯೇ ಇಂಜಿನಿಯರುಗಳು, ಪಂಪಿನವನು, ಎಲ್ಲರೂ. ಕೋಣೆಯಲ್ಲಿ ಉಳಿದವರು ಮೂವರೇ. ಮುಚ್ಚಳ ಸಾಹೇಬರು ಇಂಗು ತಿಂದ ಮಂಗನ ಹಾಗೆ ಕೂತು ನೆಲದ ಮೇಲಿನ ಕರವಸ್ತ್ರ ಹೆಕ್ಕುತ್ತಿದ್ದರು.

ಅಕ್ಕ ಅವರ ಎದುರು ಕುರ್ಚಿ ಎಳೆದುಕೊಂಡಳು. ಗೆಲುವಿನ ಅಮಲಿನಲ್ಲೂ ಒಂದು ಮುಳ್ಳು ಅವಳ ತಲೆಯಲ್ಲಿ ಚುಚ್ಚುತ್ತಲೇ ಇತ್ತು.

“ಸಾಹೇಬರೇ, ಒಂದು ಮಾತು. ಹಾಲು ಒಡೆಯುತ್ತಾ ಅಂತ ನೋಡೋಕೆ, ಒಡೆಯೋದೇ ಕಸುಬಾದ ಜಾಗಕ್ಕೆ ಬಾಟಲಿ ಕಳಿಸಿದ್ದು ಯಾಕೆ?”

“ನಾನು ಕಳಿಸಲಿಲ್ಲ,” ಎಂದರು ಸಾಹೇಬರು ಸೋತ ದನಿಯಲ್ಲಿ. “ಹೊರಗಿನ ಲ್ಯಾಬಿಗೆ ಕಳಿಸಿ ಅಂತ ಹೇಳಿದ್ದೆ. ನಮ್ಮವರೇ ನೋಡಿದರೆ ನಾಳೆ ಪಕ್ಷಪಾತ ಅಂತಾರಲ್ಲ, ಅದಕ್ಕೆ.”

“ಫಲಿತಾಂಶ ಈ ಸ್ಟೇಷನ್ನಿನಿಂದ ಬಂದಾಗ ಕೇಳಲಿಲ್ಲವಾ?”

ಸಾಹೇಬರು ಕರವ​ಸ್ತ್ರ ಮಡಚಿದರು. “ಬೇಕಾದ ಉತ್ತರವೇ ಬಂದಾಗ ಯಾರಮ್ಮ ಪ್ರಶ್ನೆ ಕೇಳ್ತಾರೆ?”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಕ್ಕನಿಗೆ ಸುಳ್ಳಿನ ವಾಸನೆ ಮದ್ದಿನ ವಾಸನೆಗಿಂತ ಬೇಗ ಹತ್ತುತ್ತದೆ. ಕಡೆಗೋಲಿನ ಕೈ ತಪ್ಪು ಮಾಡಿತ್ತು, ಸಾಹೇಬರ ಆಸೆ ಅದನ್ನು ನಂಬಿತ್ತು. ಆದರೆ ಆ ಕೈಯ ಅಭ್ಯಾಸ ಗೊತ್ತಿದ್ದವನೊಬ್ಬ, ಗೊತ್ತಿದ್ದೇ ಬಾಟಲಿಗಳನ್ನು ಇಲ್ಲಿಗೆ ತಿರುಗಿಸಿದ್ದ.

ಅಕ್ಕ ಮುದುಕನ ಕಡೆ ತಿರುಗಿದಳು. “ಯಜಮಾನರೇ, ಆ ಆರು ಬಾಟಲಿ ನಿಮ್ಮ ಕೈಗೆ ಕೊಟ್ಟಿದ್ದು ಯಾರು?”

“ಇವರೇ ಕಳಿಸಿದ್ದು ಅಂದುಕೊಂಡಿದ್ದೆನಲ್ಲಮ್ಮ.” ಕಡೆಗೋಲು ಸಾಹೇಬರನ್ನು ತೋರಿಸಿದ. “ಗುರುಗಳೇ, ಸಾಹೇಬರು ನಿಮ್ಮ ಹತ್ತಿರಾನೇ ಮಾಡಿಸೋಕೆ ಹೇಳಿದ್ದಾರೆ, ಯಾವಾಗಿನ ಹಾಗೆ ಮಾಡಿಬಿಡಿ ಅಂದ. ನಾನು ಯಾವಾಗಿನ ಹಾಗೆ ಮಾಡಿದೆ.”

“ಅಂದಿದ್ದು ಯಾರು?”

“ನಿಮ್ಮವನೇ ಅಲ್ಲವಾ? ನಿಮ್ಮ ತಂಗಿ ಗಂಡ.” ಮುದುಕನಿಗೆ ಇನ್ನೂ ಅದರ ಅರ್ಥ ಇಳಿದಿರಲಿಲ್ಲ; ಹೆಮ್ಮೆಯಿಂದಲೇ ಹೇಳಿದ. “ವಾಹನದ ಕೆಲಸಕ್ಕೆ ಹೋಗೋ ಮುಂಚೆ ಇದೇ ಮೇಜಿನ ಮೇಲೆ ನನ್ನ ಹತ್ತಿರ ಕೆಲಸ ಕಲಿತವನು. ಮೂರು ಹನಿ ಹಾಕೋದನ್ನ ಅವನಿಗೆ ಹೇಳಿಕೊಟ್ಟಿದ್ದೇ ನಾನು.”

ಈ ಹಾಳು ಬಯಲು ಬಿಟ್ಟು ಎಲ್ಲಾದರೂ ಹೋಗಿ ಬದುಕ್ತೀವಿ ಎಂದು ಜೀಪಿನಲ್ಲಿ ಅವನು ಆಡಿದ ಮಾತು ಅಕ್ಕನಿಗೆ ಈಗ ಅರ್ಥವಾಯಿತು.

ಕೆಳಗೆ ಜೀಪಿನ ಹಾರನ್ ಕೂಗಿತು. ಅವಳು ಕಿಟಕಿಗೆ ಓಡಿದಳು. ತಂಗಿ ಜೀಪಿನಲ್ಲಿ ನಿಂತು, ಹಣೆಯ ತುಂಬ ಎಣ್ಣೆ ಬಳಿದುಕೊಂಡು, ಎರಡೂ ಕೈ ಬೀಸುತ್ತಿದ್ದಳು. ಅಕ್ಕ ಅವಳನ್ನು ಇಷ್ಟು ಸಂತೋಷವಾಗಿ ನೋಡಿ ಎಷ್ಟು ಕಾಲವಾಗಿತ್ತೋ.

“ಅಕ್ಕಾ, ನಾವು ಮುಂದೆ ಹೋಗಿರ್ತೀವಿ! ನೀನು ಅವರ ಜೊತೆ ಬಾ!”

“ಇಳಿಯೇ!” ಅಕ್ಕ ಕಿರುಚಿದಳು. “ಇಳಿಯೇ ಕೆಳಗೆ!”

ಅಂಗಳದ ಗದ್ದಲದಲ್ಲಿ ಆ ಕೂಗು ತಂಗಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಅವಳ ಗಂಡನಿಗೆ. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. ಅಕ್ಕನನ್ನು ನೋಡಿದ, ಅವಳ ಪಕ್ಕಕ್ಕೆ ಬಂದು ನಿಂತ ತನ್ನ ಗುರುವನ್ನು ನೋಡಿದ. ನಗುತ್ತಿದ್ದ ಮುಖ ಮೆಲ್ಲಗೆ ಗಂಭೀರವಾಯಿತು. ಗೇರು ಹಾಕಿದ.

ಎಣ್ಣೆಬಾವಿಗಳಿದ್ದದ್ದು ಗೇಟಿನಿಂದ ಎಡಕ್ಕೆ. ಜೀಪು ಗೇಟು ದಾಟಿ ಬಲಕ್ಕೆ ತಿರುಗಿ, ಹೆದ್ದಾರಿಯ ಕಡೆ ಓಡಿತು.